ಹಡಗಿನ ಯಾತ್ರೆಗೆ ಉಸಿರಿನ ಯಂತ್ರವೂ ಜೊತೆಗಿರಲಿ

ನಮ್ಮ ಕಾಫಿ ಹಡಗು ಹತ್ತಿ ನೂರೈವತ್ತು ವರ್ಷಗಳಿಗೂ ಮೇಲಾಯಿತು. ಪಶ್ಚಿಮ ಕರಾವಳಿಯಿಂದ ಹಾಯಿಹಡಗುಗಳಲ್ಲಿ ಯೂರೋಪಿಗೆ ಹೊರಟ ಕಾಫಿ ಬೀಜ ತಿಂಗಳುಗಟ್ಟಲೆ ಕಡಲ ತೇವವನ್ನು ಕುಡಿದು, ಉಬ್ಬಿ, ಹಸಿರು ಬಣ್ಣ ಕಳೆದುಕೊಂಡು ಹಳದಿಯಾಗಿ ಆಚೆ ದಡ ಸೇರುತ್ತಿತ್ತು. ಆ ರುಚಿಗೇ ಒಗ್ಗಿಹೋದ ಗಿರಾಕಿಗಳಿಗಾಗಿ ಇಂದಿಗೂ ಕರಾವಳಿಯ ಗೋದಾಮುಗಳಲ್ಲಿ ಬೀಜವನ್ನು ಮಳೆಗಾಳಿಗೆ ಹರವಿ 'ಮಾನ್ಸೂನ್ಡ್' ಕಾಫಿ ತಯಾರಿಸುತ್ತಾರೆಂಬುದು ನಮ್ಮ ಸದಸ್ಯರಿಗೆ ತಿಳಿಯದ ವಿಷಯವೇನಲ್ಲ. ಆದರೆ ಕಾಫಿ ಹೋದ ದಾರಿಯಲ್ಲಿ ಬೆಳೆಗಾರನೂ ಹೋಗಿಬರುವುದು ಮಾತ್ರ ಇತ್ತೀಚಿನ ಬೆಳವಣಿಗೆ.

ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ವಿದೇಶೀ ವಿಹಾರ ನೌಕೆಗಳು ಬಂದು ನಿಲ್ಲುವುದನ್ನು ನಾವು ಪತ್ರಿಕೆಗಳಲ್ಲಿ ಓದುತ್ತೇವೆ. ಇವನ್ನೇ ಕ್ರೂಸ್ ಹಡಗುಗಳೆನ್ನುವುದು. ಊರಿಂದೂರಿಗೆ ಸಾಗಿಸುವುದಕ್ಕಿಂತ ಕಡಲಿನ ಮೇಲೆ ಉಂಡು, ಮಲಗಿ, ನಾಲ್ಕಾರು ಬಂದರುಗಳನ್ನು ನೋಡಿಸಿ ಮರಳಿ ತರುವುದೇ ಇವುಗಳ ಕಸುಬು. 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಕಾರ್ಡೇಲಿಯಾ ಸಂಸ್ಥೆಯ 'ಎಂಪ್ರೆಸ್' ಹಡಗು ಸಂಚಾರ ಆರಂಭಿಸಿದ ಮೇಲೆ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ನಮ್ಮ ಊರುಗಳಿಂದಲೂ ಜನ ಹೋಗಿಬಂದಿದ್ದಾರೆ. ಇನ್ನು ಅಮೆರಿಕದಲ್ಲಿರುವ ಮಕ್ಕಳು ತಂದೆತಾಯಿಯರನ್ನು ಕರೆಸಿಕೊಂಡು ಅಲಾಸ್ಕಾದ ಕಡೆಗೋ ಕೆರಿಬಿಯನ್ ದ್ವೀಪಗಳ ಕಡೆಗೋ ಏಳು ದಿನದ ಹಡಗಿನ ಯಾತ್ರೆ ಮಾಡಿಸುವುದು ಈಗ ಅಪರೂಪವಲ್ಲ.

ಹೀಗೆ ಹೋಗುವವರಲ್ಲಿ ಬಹುಪಾಲು ಐವತ್ತು ದಾಟಿದವರು. ಅವರಲ್ಲಿ ಕೆಲವರ ಮಂಚದ ಪಕ್ಕದಲ್ಲಿ ಈಗ ಒಂದು ಸಣ್ಣ ಯಂತ್ರ ಬಂದು ಕುಳಿತಿದೆ. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಗೆ ವೈದ್ಯರು ಕೊಡುವ 'ಸಿಪ್ಯಾಪ್' ಎಂಬ ಯಂತ್ರ ಅದು. ನಾನೂ ಏಳು ವರ್ಷದಿಂದ ಅದನ್ನು ಕಟ್ಟಿಕೊಂಡೇ ಮಲಗುವವನು. ಎರಡು ವರ್ಷದ ಹಿಂದೆ ಅದನ್ನು ಹೊತ್ತುಕೊಂಡೇ ಮನೆಯವರೊಡನೆ ಸಿಯಾಟಲ್ ಬಂದರಿನಿಂದ ಅಲಾಸ್ಕಾದವರೆಗೆ ಏಳು ರಾತ್ರಿ ಹಡಗಿನಲ್ಲಿ ಕಳೆದು ಬಂದೆ. ಅಂದಿನಿಂದ ಈಚೆಗೆ ಸೊಸೈಟಿಗೆ ಅಡಿಕೆ ಹಾಕಲು ಬಂದ ಕಡೆ, ಮದುವೆ ಮನೆಯ ಪಂಕ್ತಿಯಲ್ಲಿ, "ಅಲ್ಲಿ ಕರೆಂಟಿಗೆ ಏನು ಮಾಡಿದಿರಿ ಮಾರಾಯ್ರೆ?" ಎಂದು ಮೆಲ್ಲಗೆ ವಿಚಾರಿಸಿದವರು ಹಲವರು. ಅವರೆಲ್ಲರಿಗೂ ಒಟ್ಟಿಗೆ ಉತ್ತರ ಕೊಡುವ ಉದ್ದೇಶದಿಂದ ಈ ಲೇಖನ.

ಕಾಯಿಲೆಯ ಪರಿಚಯ

ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗುವುದು ಸಹಜ. ಕೆಲವರಲ್ಲಿ ಅವು ತೀರ ಸಡಿಲವಾಗಿ ಉಸಿರಿನ ದಾರಿಯೇ ಮುಚ್ಚಿಹೋಗುತ್ತದೆ. ಎದೆ ಏರಿಳಿಯುತ್ತಿದ್ದರೂ ಗಾಳಿ ಒಳಗೆ ಹೋಗದು. ಹತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹೊತ್ತು ಹೀಗೆ ಉಸಿರು ನಿಂತರೆ ಅದನ್ನು ಒಂದು 'ಆಪ್ನಿಯಾ' ಎಂದು ಎಣಿಸುತ್ತಾರೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಮನುಷ್ಯನನ್ನು ಅರೆ ಎಚ್ಚರಕ್ಕೆ ತರುತ್ತದೆ, ಗೊರ್ರೆಂಬ ಶಬ್ದದೊಡನೆ ಉಸಿರು ಮರಳುತ್ತದೆ. ಗಂಟೆಗೆ ಐದರಿಂದ ಹದಿನೈದು ಸಲ ಹೀಗಾದರೆ ಸೌಮ್ಯ, ಹದಿನೈದರಿಂದ ಮೂವತ್ತಾದರೆ ಮಧ್ಯಮ, ಮೂವತ್ತನ್ನು ಮೀರಿದರೆ ತೀವ್ರ ಎಂಬುದು ವೈದ್ಯರ ಲೆಕ್ಕ. ತೀವ್ರ ರೋಗಿ ರಾತ್ರಿಯೊಂದರಲ್ಲಿ ಇನ್ನೂರಕ್ಕೂ ಹೆಚ್ಚು ಸಲ ಉಸಿರುಕಟ್ಟಿ ಏಳುತ್ತಾನೆ. ಬೆಳಗ್ಗೆ ಅದರ ನೆನಪು ಮಾತ್ರ ಇರುವುದಿಲ್ಲ.

ನೆನಪಿರುವುದು ಪಕ್ಕದಲ್ಲಿ ಮಲಗಿದವರಿಗೆ. "ನಿಮ್ಮ ಗೊರಕೆ ನಿಂತಾಗಲೇ ನನಗೆ ಹೆದರಿಕೆ. ಒಂದು, ಎರಡು ಎಂದು ಎಣಿಸುತ್ತಾ ಕೂರುತ್ತಿದ್ದೆ, ಇಪ್ಪತ್ತಾದರೆ ಮೊಣಕೈಯಿಂದ ತಿವಿಯುತ್ತಿದ್ದೆ" ಎಂದು ನಮ್ಮ ಮನೆಯವರು ಹೇಳಿದ್ದು ವೈದ್ಯರ ಎದುರಿನಲ್ಲಿ. ಎಷ್ಟೋ ವರ್ಷ ಅವರು ಹಾಗೆ ಕಾವಲು ಕುಳಿತಿದ್ದರೆಂಬುದು ನನಗೆ ತಿಳಿದದ್ದೇ ಅಂದು.

ಜೋರು ಗೊರಕೆ, ಬೆಳಗಿನ ತಲೆನೋವು, ಬಾಯಿ ಒಣಗುವುದು, ರಾತ್ರಿ ಮತ್ತೆ ಮತ್ತೆ ಮೂತ್ರಕ್ಕೆ ಏಳುವುದು, ಮಾತ್ರೆ ನುಂಗಿದರೂ ಇಳಿಯದ ರಕ್ತದೊತ್ತಡ, ಹಗಲು ಕುಳಿತಲ್ಲೇ ತೂಕಡಿಕೆ: ಇವು ಈ ಕಾಯಿಲೆಯ ಕುರುಹುಗಳು. ದಪ್ಪ ಕುತ್ತಿಗೆಯವರಲ್ಲಿ ಇದರ ಸಂಭವ ಹೆಚ್ಚು. 2019ರಲ್ಲಿ 'ಲಾನ್ಸೆಟ್' ಸಮೂಹದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಂದಾಜಿನಂತೆ ಜಗತ್ತಿನಲ್ಲಿ 30ರಿಂದ 69 ವಯಸ್ಸಿನ ಸುಮಾರು 93 ಕೋಟಿ ಜನರಿಗೆ ಇದು ಒಂದಲ್ಲ ಒಂದು ಮಟ್ಟದಲ್ಲಿ ಇದೆ. ಆದ್ದರಿಂದ ಇದರಲ್ಲಿ ನಾಚಿಕೊಳ್ಳತಕ್ಕದ್ದು ಏನೂ ಇಲ್ಲ.

ಯಂತ್ರ ಮಾಡುವ ಕೆಲಸ

ತೋಟಕ್ಕೆ ನೀರು ಹಾಯಿಸುವ ಮೆದು ಪ್ಲಾಸ್ಟಿಕ್ ಪೈಪನ್ನು ನೆನಪು ಮಾಡಿಕೊಳ್ಳಿ. ಪಂಪು ನಿಂತಾಗ ಅದು ಚಪ್ಪಟೆಯಾಗಿ ನೆಲಕ್ಕೆ ಅಂಟಿಕೊಂಡಿರುತ್ತದೆ. ಪಂಪು ಹಾಕಿದೊಡನೆ ನೀರಿನ ಒತ್ತಡಕ್ಕೆ ದುಂಡಗಾಗಿ ನಿಲ್ಲುತ್ತದೆ. ಸಿಪ್ಯಾಪ್ ಯಂತ್ರ ಗಂಟಲಿಗೆ ಮಾಡುವ ಉಪಕಾರವೂ ಇಷ್ಟೇ. ಒಂದು ಸಣ್ಣ ಗಾಳಿಪಂಪು, ಒಂದು ಕೊಳವೆ, ಮೂಗಿಗೋ ಮೂಗುಬಾಯಿ ಎರಡಕ್ಕೋ ಕಟ್ಟುವ ಮಾಸ್ಕು. ಒತ್ತಡವೂ ಬಹಳವೇನಲ್ಲ, 4ರಿಂದ 20 ಸೆಂಟಿಮೀಟರು ನೀರಿನ ಎತ್ತರದಷ್ಟು, ಅಂದರೆ ಒಂದು ಗೇಣಿಗಿಂತ ಕಡಿಮೆ. ಅಷ್ಟು ಗಾಳಿ ಸಾಕು, ಉಸಿರಿನ ದಾರಿ ಮುಚ್ಚದೆ ನಿಲ್ಲುತ್ತದೆ. ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾಲಯದ ವೈದ್ಯ ಕಾಲಿನ್ ಸಲಿವನ್ ಮತ್ತು ಅವರ ಸಂಗಡಿಗರು ಈ ಉಪಾಯವನ್ನು 1981ರಲ್ಲಿ ಜಗತ್ತಿಗೆ ತಿಳಿಸಿದರು. ಅದಕ್ಕೆ ಮೊದಲು ತೀವ್ರ ರೋಗಿಗಳಿಗೆ ಗಂಟಲನ್ನೇ ಕೊರೆದು ತೂತು ಮಾಡುವ ಶಸ್ತ್ರಕ್ರಿಯೆ ಬಿಟ್ಟರೆ ಹೆಚ್ಚಿನ ದಾರಿ ಇರಲಿಲ್ಲ.

ಈ ಯಂತ್ರ ಕಾಯಿಲೆಯನ್ನು ಗುಣಪಡಿಸುವುದಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಕನ್ನಡಕ ಹಾಕಿದಷ್ಟು ಹೊತ್ತು ಕಣ್ಣು ಕಾಣುವಂತೆ, ಯಂತ್ರ ಕಟ್ಟಿದ ರಾತ್ರಿಗಳಲ್ಲಷ್ಟೇ ಉಸಿರು ಸರಾಗ.

"ನಾಲ್ಕು ದಿನ ತಾನೆ" ಎನ್ನುವವರಿಗೆ

ಪ್ರವಾಸವೆಂದೊಡನೆ ಯಂತ್ರವನ್ನು ಮನೆಯಲ್ಲೇ ಬಿಟ್ಟು ಹೊರಡುವವರು ಬಹಳ. ಹೊರೆ ಎಂಬುದೊಂದು ಕಾರಣ, ನಾಲ್ಕು ಜನರ ಮುಂದೆ ಸಂಕೋಚ ಎಂಬುದು ಇನ್ನೊಂದು. ಆದರೆ ಯಂತ್ರ ಬಿಟ್ಟ ಮೊದಲ ಕೆಲವು ರಾತ್ರಿಗಳಲ್ಲೇ ಉಸಿರುಕಟ್ಟು ಹಿಂದಿರುಗುತ್ತದೆ. ಎರಡು ವಾರದೊಳಗೆ ಹಗಲಿನ ತೂಕಡಿಕೆ, ರಕ್ತದೊತ್ತಡ ಎರಡೂ ಏರಿರುತ್ತವೆಂದು ಪರೀಕ್ಷಿಸಿ ನೋಡಿದ ವೈದ್ಯರು ಹೇಳಿದ್ದಾರೆ.

ನಮ್ಮ ಕಡೆಯ ಒಬ್ಬ ಬೆಳೆಗಾರರು ನಾಲ್ಕು ರಾತ್ರಿಯ ಹಡಗಿನ ಯಾತ್ರೆಗೆ ಹೀಗೆ ಬರಿಗೈಯಲ್ಲಿ ಹೋದರು. ಹಡಗಿನ ಕೋಣೆಯೆಂದರೆ ನಮ್ಮ ಉಗ್ರಾಣದ ಕೋಣೆಯಷ್ಟು ಜಾಗ. ಜೊತೆಗಿದ್ದ ಹೆಂಡತಿಗೆ ನಾಲ್ಕು ರಾತ್ರಿಯೂ ಜಾಗರಣೆ. ಅವರಿಗೂ ಮೈ ಭಾರ, ತಲೆ ಭಾರ. ಊರಿಗೆ ಮರಳುವಾಗ ಕಾರು ತಾವೇ ನಡೆಸಿದರು. ಘಾಟಿಯ ತಿರುವಿನಲ್ಲಿ ಕಣ್ಣು ಮುಚ್ಚಿತು. ಕಾರು ಬೆಟ್ಟದ ಕಡೆಯ ಚರಂಡಿಗೆ ಇಳಿದದ್ದರಿಂದ ಇಬ್ಬರೂ ಉಳಿದರು. ಇನ್ನೊಂದು ಬದಿಗೆ ಹೊರಳಿದ್ದರೆ ಈ ಮಾತನ್ನು ಹೇಳಲು ಅವರಿರುತ್ತಿರಲಿಲ್ಲ. ಕಡಲಿನ ಮೇಲೆ ಮಾಡಿದ ನಿದ್ದೆಯ ಸಾಲವನ್ನು ಘಾಟಿಯಲ್ಲಿ ತೀರಿಸಬೇಕಾಯಿತೆಂದು ಅವರೇ ಹೇಳುತ್ತಾರೆ.

ಆದ ಕಾರಣ ಮೊದಲ ನಿಯಮ: ಯಂತ್ರ ಬರುವುದಾದರೆ ಮಾತ್ರ ನಾವು ಹೊರಡುವುದು. ಉಳಿದದ್ದೆಲ್ಲ ವ್ಯವಸ್ಥೆಯ ಪ್ರಶ್ನೆ.

ಕಾಲ ಮತ್ತು ಕೋಣೆಯ ಆಯ್ಕೆ

ಅಡಿಕೆ, ಕಾಫಿ ಎರಡೂ ಇರುವವರಿಗೆ ನವೆಂಬರಿನಿಂದ ಫೆಬ್ರವರಿ ಮುಗಿಯುವವರೆಗೆ ಕೊಯ್ಲು, ಒಣಗಿಸುವುದು. ಮಾರ್ಚಿ–ಏಪ್ರಿಲಿನಲ್ಲಿ ಹೂಮಳೆಯ ನಿರೀಕ್ಷೆ, ನೀರಾವರಿ. ಮಳೆಗಾಲ ಹಿಡಿಯುವ ಮೊದಲು ಕೊಳೆರೋಗಕ್ಕೆ ಬೋರ್ಡೋ ಸಿಂಪಡಣೆ, ಅದಾಗಿ ನಲವತ್ತು ನಲವತ್ತೈದು ದಿನಕ್ಕೆ ಎರಡನೆಯದು. ಅಲಾಸ್ಕಾದ ಹಡಗುಗಳು ಓಡುವುದು ಸಾಮಾನ್ಯವಾಗಿ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ. ಎರಡನೆಯ ಸಿಂಪಡಣೆ ಮುಗಿಸಿ, ಕೊಯ್ಲಿಗೆ ಮೊದಲು, ಸೆಪ್ಟೆಂಬರಿನಲ್ಲಿ ಹೊರಡುವುದು ನಮಗೆ ಅನುಕೂಲವಾಯಿತು. ಸಿಯಾಟಲಿನಿಂದ ಹೊರಡುವ ಈ ಹಡಗುಗಳು ಕೆನಡಾದ ಬಂದರೊಂದನ್ನು ಮುಟ್ಟಿಯೇ ಬರಬೇಕಾದ್ದರಿಂದ ಭಾರತದ ಪಾಸ್‌ಪೋರ್ಟಿನವರು ಕೆನಡಾದ ವೀಸಾವನ್ನೂ ಮುಂಚಿತವಾಗಿ ಪಡೆದಿರಬೇಕು. ಅಮೆರಿಕದ ವೀಸಾ ಒಂದೇ ಸಾಲದು.

ಕೋಣೆಯನ್ನು ಕಾದಿರಿಸುವಾಗ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಕೇಳಿ ಪಡೆಯುವುದು ಲೇಸು. ತೂಗುಯ್ಯಾಲೆಯಲ್ಲಿ ಕಡಿಮೆ ಅಲ್ಲಾಡುವುದು ನೇಣಿಗೆ ಹತ್ತಿರದ ಜಾಗವಾದಂತೆ, ಹಡಗಿನ ಓಲಾಟ ಅತಿ ಕಡಿಮೆ ಅಲ್ಲಿ. ಯಂತ್ರಕ್ಕೂ ಹೊಟ್ಟೆಗೂ ಅದು ಒಳ್ಳೆಯದು.

ಮುಂಚಿತವಾಗಿ ಬರೆಯಬೇಕಾದ ಕಾಗದ

ಟಿಕೆಟು ಆದೊಡನೆ, ಕೊನೆಯ ಪಕ್ಷ ಯಾತ್ರೆಗೆ ಒಂದು ತಿಂಗಳ ಮೊದಲು, ಹಡಗಿನ ಕಂಪೆನಿಗೆ ಲಿಖಿತವಾಗಿ ತಿಳಿಸತಕ್ಕದ್ದು. ಹೆಚ್ಚಿನ ಕಂಪೆನಿಗಳಲ್ಲಿ ಇದಕ್ಕೆಂದೇ ವಿಶೇಷ ಅಗತ್ಯಗಳ ಅರ್ಜಿ ನಮೂನೆ ಇರುತ್ತದೆ. ಅದರಲ್ಲಿ ನಾಲ್ಕು ಅಂಶ ಸ್ಪಷ್ಟವಾಗಿರಲಿ:

1. ನಾನು ನಿದ್ದೆಯಲ್ಲಿ ಉಸಿರಿನ ಯಂತ್ರ ಬಳಸುವವನು. ಯಂತ್ರದ ಹೆಸರು ಮತ್ತು ಮಾದರಿ ಇಂಥದ್ದು.
2. ಮಂಚದ ತಲೆದೆಸೆಯವರೆಗೆ ತಲಪುವ ಎಕ್ಸ್‌ಟೆನ್ಶನ್ ವಯರನ್ನು ಹಡಗಿನವರೇ ಒದಗಿಸಬೇಕು.
3. ರಾತ್ರಿಗೆ ಇಷ್ಟು ಎಂಬ ಲೆಕ್ಕದಲ್ಲಿ ಭಟ್ಟಿ ಇಳಿಸಿದ ನೀರು ಕೋಣೆಯಲ್ಲಿ ಸಿದ್ಧವಿರಬೇಕು.
4. ಇವೆರಡನ್ನೂ ಕೊಡುವಿರಾ, ಬೆಲೆ ಎಷ್ಟು ಎಂಬುದಕ್ಕೆ ಲಿಖಿತ ಉತ್ತರ ಬೇಕು.

ಕೆಲವು ಕಂಪೆನಿಗಳು ನೀರನ್ನು ಉಚಿತವಾಗಿ ಕೊಡುತ್ತವೆ, ಕೆಲವು ಹಣ ಪಡೆಯುತ್ತವೆ. ಬಂದ ಉತ್ತರವನ್ನು ಅಚ್ಚು ಮಾಡಿಸಿ ಕೈಯಲ್ಲಿಟ್ಟುಕೊಳ್ಳಿ. ನಮ್ಮ ಹಡಗಿನಲ್ಲಿ ಎಲ್ಲಕ್ಕೂ ಒಪ್ಪಿ ಬರೆದಿದ್ದರೂ ಕೋಣೆಗೆ ಹೋಗಿ ನೋಡಿದರೆ ನೀರೂ ಇಲ್ಲ, ವಯರೂ ಇಲ್ಲ. ಆ ಕಾಗದವನ್ನು ಕೋಣೆಯ ಪರಿಚಾರಕನಿಗೆ ತೋರಿಸಿದ ಮೇಲೆ ರಾತ್ರಿ ಊಟದ ಹೊತ್ತಿಗೆ ಎರಡೂ ಬಂದವು. ಹಡಗು ಹತ್ತಿದ ದಿನ ಮಧ್ಯಾಹ್ನವೇ ಇದನ್ನು ವಿಚಾರಿಸಬೇಕು; ಮಲಗುವ ಹೊತ್ತಿಗೆ ವಿಚಾರಿಸಿದರೆ ಉತ್ತರ ಕೊಡುವವರು ಸಿಗುವುದು ಕಷ್ಟ.

ಪ್ರಯಾಣ ವಿಮೆ ಮಾಡಿಸುವಾಗ ಈ ಕಾಯಿಲೆಯನ್ನು, ಜೊತೆಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿದ್ದರೆ ಅವನ್ನೂ, ಮುಚ್ಚಿಡದೆ ನಮೂದಿಸಬೇಕು. ಮುಚ್ಚಿಟ್ಟ ಕಾಯಿಲೆಗೆ ವಿಮೆಯ ಹಣ ಬಾರದು. ಹಡಗಿನ ಆಸ್ಪತ್ರೆಯ ಶುಲ್ಕ ಡಾಲರಿನಲ್ಲಿ, ದಡಕ್ಕೆ ಸಾಗಿಸಬೇಕಾದರೆ ತಗಲುವ ವೆಚ್ಚ ಒಂದು ವರ್ಷದ ಬೆಳೆಯನ್ನೇ ನುಂಗೀತು.

ವಿಮಾನದಲ್ಲಿ

ಯಂತ್ರವನ್ನು ಯಾವ ಕಾರಣಕ್ಕೂ ವಿಮಾನದ ದೊಡ್ಡ ಸಾಮಾನಿನೊಡನೆ ಹಾಕಕೂಡದು. ಪೆಟ್ಟಿಗೆ ತಪ್ಪಿಹೋದರೆ ಅಂದಿನ ರಾತ್ರಿಯೇ ಕಷ್ಟ. ಅಮೆರಿಕದ ಕಾನೂನಿನಂತೆ ಇಂಥ ವೈದ್ಯಕೀಯ ಸಾಧನ ಕೈಚೀಲದ ಮಿತಿಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಬೇರೆ ಕಂಪೆನಿಗಳನ್ನು ಮೊದಲೇ ಕೇಳಿಟ್ಟುಕೊಳ್ಳಿ. ವೈದ್ಯರ ಪತ್ರ ಒಂದು ಇರಲಿ: ಕಾಯಿಲೆಯ ಹೆಸರು, ಯಂತ್ರದ ಅಗತ್ಯ, ಒತ್ತಡದ ಅಂಕಿ, ಮಾಸ್ಕಿನ ಅಳತೆ. ತಪಾಸಣೆಯವರು ಯಂತ್ರವನ್ನು ಚೀಲದಿಂದ ಹೊರತೆಗೆದು ತಟ್ಟೆಯಲ್ಲಿಡಲು ಹೇಳಬಹುದು. ಒಂದು ಶುಭ್ರವಾದ ಪ್ಲಾಸ್ಟಿಕ್ ಚೀಲದೊಳಗೆ ಯಂತ್ರವನ್ನಿಟ್ಟು ಕೊಟ್ಟರೆ ಧೂಳು ತಾಗದು. ನೀರಿನ ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ ಒರೆಸಿರಬೇಕು. ಖರೀದಿಯ ರಸೀತಿಯ ಪ್ರತಿಯೊಂದು ಜೊತೆಗಿದ್ದರೆ ಮರಳುವಾಗ ಸುಂಕದವರಿಗೆ ಉತ್ತರ ಹೇಳುವುದು ಸುಲಭ.

ಬ್ಯಾಟರಿ ಒಯ್ಯುವವರು ಒಂದು ಗುಣಾಕಾರ ತಿಳಿದಿರಬೇಕು. ಬ್ಯಾಟರಿಯ ಮೇಲೆ ಬರೆದ ವೋಲ್ಟನ್ನು ಆಂಪಿಯರ್-ಗಂಟೆಯಿಂದ ಗುಣಿಸಿದರೆ ವ್ಯಾಟ್-ಗಂಟೆ ಬರುತ್ತದೆ. 14.8 ವೋಲ್ಟಿನ, 6.6 ಆಂಪಿಯರ್-ಗಂಟೆಯ ಬ್ಯಾಟರಿಯೆಂದರೆ ಸುಮಾರು 98 ವ್ಯಾಟ್-ಗಂಟೆ. ಲಿಥಿಯಂ ಬ್ಯಾಟರಿ 100 ವ್ಯಾಟ್-ಗಂಟೆಯವರೆಗೆ ಕೈಚೀಲದಲ್ಲಿ ಒಯ್ಯಬಹುದು. 100ರಿಂದ 160ರವರೆಗೆ ವಿಮಾನ ಕಂಪೆನಿಯ ಒಪ್ಪಿಗೆ ಬೇಕು. ಅದನ್ನು ಮೀರಿದ್ದಕ್ಕೆ ಪ್ರಯಾಣಿಕರಿಗೆ ಅವಕಾಶವಿಲ್ಲ. ಬಿಡಿ ಬ್ಯಾಟರಿಯನ್ನು ದೊಡ್ಡ ಸಾಮಾನಿನಲ್ಲಿ ಹಾಕುವುದು ಪೂರ್ತಿ ನಿಷಿದ್ಧ.

ಬಂದರಿನಲ್ಲೂ ಇದೇ ನಿಯಮ. ಅಲ್ಲಿನ ಹಮಾಲರು ಪೆಟ್ಟಿಗೆಗಳನ್ನು ತೆಗೆದುಕೊಂಡು ಹೋದರೆ ಅವು ಕೋಣೆಗೆ ಬರುವುದು ಸಂಜೆಗೋ ರಾತ್ರಿಗೋ. ಯಂತ್ರದ ಚೀಲ ಮಾತ್ರ ಹೆಗಲಿನಿಂದ ಇಳಿಯದಿರಲಿ.

ಹಡಗಿನ ಕರೆಂಟು

ಈಗಿನ ಬಹುತೇಕ ಯಂತ್ರಗಳ ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್, 50/60 ಹರ್ಟ್ಸ್ ಎಂದು ಮುದ್ರಿತವಾಗಿರುತ್ತದೆ. ಹಾಗಿದ್ದರೆ ಹಡಗಿನ 110 ವೋಲ್ಟಾಗಲಿ 220 ವೋಲ್ಟಾಗಲಿ ಯಂತ್ರ ತಾನೇ ಹೊಂದಿಕೊಳ್ಳುತ್ತದೆ. ಬೇರೆ ಟ್ರಾನ್ಸ್‌ಫಾರ್ಮರು ಬೇಡ. ಬೇಕಾದದ್ದು ಪಿನ್ನು ಹೊಂದುವ ಪ್ಲಗ್ಗು ಮಾತ್ರ: ಅಮೆರಿಕದ ಕ್ರಮದ ಚಪ್ಪಟೆ ಪಿನ್ನಿನದೊಂದು, ಯೂರೋಪಿನ ಕ್ರಮದ ಎರಡು ದುಂಡು ಪಿನ್ನಿನದೊಂದು. ಎರಡೂ ಇದ್ದರೆ ಯಾವ ಹಡಗಿನಲ್ಲೂ ಪರದಾಟವಿಲ್ಲ.

ತೊಡಕಿರುವುದು ಸಾಕೆಟ್ಟಿನ ಸ್ಥಳದಲ್ಲಿ. ಹಡಗಿನ ಕೋಣೆಗಳಲ್ಲಿ, ಅದರಲ್ಲೂ ಹಳೆಯ ಹಡಗುಗಳಲ್ಲಿ, ಕನ್ನಡಿಯ ಮೇಜಿನ ಹತ್ತಿರ ಒಂದೋ ಎರಡೋ ಸಾಕೆಟ್ಟು ಇದ್ದು ಮಂಚದ ಬಳಿ ಏನೂ ಇರುವುದಿಲ್ಲ. ಮೇಲೆ ಹೇಳಿದ 'ಎಂಪ್ರೆಸ್' ಕೂಡ 1990ರಲ್ಲಿ ಕಟ್ಟಿದ ಹಡಗು. ಪ್ರತಿಯೊಬ್ಬರ ಕೈಯಲ್ಲಿ ಚಾರ್ಜು ಮಾಡುವ ಸಾಧನಗಳಿಲ್ಲದಿದ್ದ ಕಾಲದ್ದು. ಸ್ನಾನದ ಮನೆಯಲ್ಲಿ ಕ್ಷೌರದ ಯಂತ್ರಕ್ಕೆಂದು ಇಟ್ಟ ಸಾಕೆಟ್ಟಿಗೆ ನಮ್ಮ ಯಂತ್ರದ ಹೊರೆ ತಾಳುವ ಶಕ್ತಿ ಇಲ್ಲ, ಅದನ್ನು ಮುಟ್ಟಬಾರದು.

ಹಾಗಾದರೆ ಮನೆಯ ಎಕ್ಸ್‌ಟೆನ್ಶನ್ ಬೋರ್ಡು ಒಯ್ದರಾಯಿತಲ್ಲ ಎಂದರೆ, ಅನೇಕ ಕಂಪೆನಿಗಳು ಅದನ್ನು ಹತ್ತುವಾಗಲೇ ಕಿತ್ತಿಟ್ಟುಕೊಳ್ಳುತ್ತವೆ. ಸರ್ಜ್ ಪ್ರೊಟೆಕ್ಟರ್ ಇರುವ ಬೋರ್ಡಿಗಂತೂ ಪ್ರವೇಶವೇ ಇಲ್ಲ. ಇದು ಅವರ ಹಟಮಾರಿತನವೆಂದು ತಿಳಿಯಬಾರದು. ನಮ್ಮ ಮನೆಯ ವಯರಿಂಗಿನಲ್ಲಿ ನ್ಯೂಟ್ರಲ್ ತಂತಿ ಭೂಮಿಗೆ ಸೇರಿರುತ್ತದೆ. ಅನೇಕ ಹಡಗುಗಳಲ್ಲಿ ಎರಡು ತಂತಿಗಳಲ್ಲಿ ಯಾವುದೂ ಹಡಗಿನ ಲೋಹದ ಮೈಗೆ ಸೇರಿರುವುದಿಲ್ಲ, ಎರಡರಲ್ಲೂ ವೋಲ್ಟೇಜು ಇರುತ್ತದೆ. ಹೆಚ್ಚಾದ ವೋಲ್ಟೇಜನ್ನು ಅರ್ತಿಗೆ ಇಳಿಸುವಂತೆ ರಚಿತವಾದ ಸರ್ಜ್ ಪ್ರೊಟೆಕ್ಟರು ಇಂಥ ವ್ಯವಸ್ಥೆಯಲ್ಲಿ ಕಾದು ಬೆಂಕಿ ಹತ್ತಬಹುದು. ಈ ಬಗ್ಗೆ ಅಮೆರಿಕದ ಕರಾವಳಿ ರಕ್ಷಣಾ ಪಡೆ 2013ರಲ್ಲೇ ಎಚ್ಚರಿಕೆ ಹೊರಡಿಸಿತು. ನಡು ಸಮುದ್ರದಲ್ಲಿ ಬೆಂಕಿಗಿಂತ ದೊಡ್ಡ ಶತ್ರು ಬೇರಿಲ್ಲ. ಆದುದರಿಂದ ವಯರು ಹಡಗಿನವರದೇ ಆಗಿರಲಿ. ಅದು ಸಾಲದಿದ್ದರೆ ಮಂಚವನ್ನು ತಿರುಗಿಸಿ ಹಾಕಲಾದೀತೇ ಎಂದು ಕೇಳಬಹುದು. ಕೆಲವು ಕೋಣೆಗಳಲ್ಲಿ ಅದಕ್ಕೆ ಅವಕಾಶವುಂಟು. ವಯರು ನಡೆದಾಡುವ ದಾರಿಯಲ್ಲಿ ಅಡ್ಡಬಾರದಂತೆ ಗೋಡೆಯ ಅಂಚಿನಲ್ಲಿ ಎಳೆಯಬೇಕು. ರಾತ್ರಿ ಎದ್ದವರ ಕಾಲಿಗೆ ಸಿಕ್ಕಿದರೆ ಯಂತ್ರವೂ ಬೀಳುತ್ತದೆ, ಮನುಷ್ಯನೂ ಬೀಳುತ್ತಾನೆ.

ನೀರಿನ ಪ್ರಶ್ನೆ

ಗಾಳಿಗೆ ಹದವಾದ ತೇವ ಕೊಡುವ ಸಣ್ಣ ನೀರಿನ ತೊಟ್ಟಿ ಹೆಚ್ಚಿನ ಯಂತ್ರಗಳಲ್ಲಿ ಇರುತ್ತದೆ. ಕಡಲಿನ ಮೇಲೆ ತೇವಕ್ಕೆ ಏನು ಬರ ಎಂದು ಕೇಳಬಹುದು. ಹೊರಗೆ ತೇವವಿದ್ದರೂ ಕೋಣೆಯೊಳಗೆ ರಾತ್ರಿಯಿಡೀ ಹವಾನಿಯಂತ್ರಣ ಓಡುತ್ತಿರುತ್ತದೆ. ಆ ಒಣಗಾಳಿಗೆ ಗಂಟಲು ಕಟ್ಟುತ್ತದೆ.

ಹಡಗಿನ ನಲ್ಲಿಯ ನೀರು ಬಹುಮಟ್ಟಿಗೆ ಸಮುದ್ರದ ನೀರನ್ನೇ ಆವಿಮಾಡಿಯೋ ಸೂಕ್ಷ್ಮ ಪೊರೆಯ ಮೂಲಕ ಒತ್ತಿ ಸೋಸಿಯೋ ತಯಾರಿಸಿದ್ದು. ಆದರೂ ಕುಡಿಯಲು ಯೋಗ್ಯವಾಗುವಂತೆ ಅದಕ್ಕೆ ಖನಿಜಾಂಶವನ್ನೂ ಕ್ಲೋರಿನನ್ನೂ ಸೇರಿಸಿರುತ್ತಾರೆ. ಕುಡಿಯಲು ಒಳ್ಳೆಯದು, ಯಂತ್ರಕ್ಕಲ್ಲ. ಗಡಸು ನೀರು ಕಾಸಿದ ಹಂಡೆಯಲ್ಲಿ ಬಿಳಿ ಪದರು ಕಟ್ಟುವಂತೆ ತೊಟ್ಟಿಯಲ್ಲೂ ಕಟ್ಟುತ್ತದೆ. ಆದಕಾರಣ ಭಟ್ಟಿ ಇಳಿಸಿದ ನೀರೇ ಆಗಬೇಕು. ಊರಿನಲ್ಲಿ ಜೀಪಿಗೂ ಇನ್ವರ್ಟರಿಗೂ ಹಾಕುವ ಬ್ಯಾಟರಿ ನೀರನ್ನು ಇದಕ್ಕೆ ಬಳಸುವವರಿದ್ದಾರೆ. ಅದು ಉಸಿರಿಗೆಂದು ತಯಾರಾದ ನೀರಲ್ಲ. ಔಷಧಿ ಅಂಗಡಿಯದ್ದನ್ನೇ ಕೊಳ್ಳಿರಿ.

ಒಂದೆರಡು ರಾತ್ರಿ ನೀರು ಸಿಗದಿದ್ದರೆ ತೇವದ ಗುಂಡಿಯನ್ನು ಆರಿಸಿ, ಬರಿ ಗಾಳಿಯಲ್ಲೇ ಮಲಗಿ. ಗಂಟಲು ಸ್ವಲ್ಪ ಒಣಗೀತು, ಉಸಿರು ನಿಲ್ಲದು. ತೊಟ್ಟಿಯಿಲ್ಲವೆಂದು ಯಂತ್ರವನ್ನೇ ಬಿಡುವುದು ಸಲ್ಲದು. ತೊಟ್ಟಿಯ ಉಳಿದ ನೀರನ್ನು ಬೆಳಗ್ಗೆ ಚೆಲ್ಲಿ, ಮಾಸ್ಕನ್ನು ಮೆದು ಸಾಬೂನಿನಲ್ಲಿ ತೊಳೆದು ಒಣಗಿಸಬೇಕು. ಮುಚ್ಚಿದ ಕೋಣೆಯ ತೇವದಲ್ಲಿ ಬೂಸು ಹಿಡಿಯುವುದು ಹೇಗೆಂದು ಆಟಿ ತಿಂಗಳಲ್ಲಿ ಅಡಿಕೆ ಕಾಪಾಡುವ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ರಾತ್ರಿಯ ವ್ಯವಸ್ಥೆ

ಯಂತ್ರ ತಲೆದಿಂಬಿಗಿಂತ ತಗ್ಗಿನಲ್ಲಿರಲಿ. ಕೊಳವೆಯಲ್ಲಿ ಕಟ್ಟಿದ ನೀರಿನ ಹನಿ ಆಗ ಮುಖದ ಕಡೆಗೆ ಹರಿಯದು. ಹಡಗು ಓಲಾಡುವ ರಾತ್ರಿಗಳಲ್ಲಿ ತೊಟ್ಟಿಯನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು, ನೀರು ತುಳುಕಿ ಯಂತ್ರದ ಒಳಗೆ ನುಗ್ಗೀತು. ಮೇಜಿನ ಅಂಚಿನಿಂದ ಯಂತ್ರ ಜಾರುವ ಭಯವಿದ್ದರೆ ಮಡಿಸಿದ ಒದ್ದೆ ಬೈರಾಸಿನ ಮೇಲೆ ಇಡುವ ಬದಲು ಒಣ ಬೈರಾಸನ್ನು ಸುತ್ತಲೂ ಒತ್ತಿಟ್ಟು ನೆಲದ ಮೇಲೇ ಇಡಿ. ಗಾಳಿ ಎಳೆಯುವ ಕಿಂಡಿ ಮಾತ್ರ ಮುಚ್ಚಬಾರದು.

ಬೆಟ್ಟದ ಮೇಲಿನ ಮನೆಗೂ ಸಮುದ್ರಮಟ್ಟಕ್ಕೂ ಗಾಳಿಯ ಸಾಂದ್ರತೆ ಬೇರೆ. ಈಗಿನ ಯಂತ್ರಗಳು ಇದನ್ನು ತಾವೇ ಸರಿಹೊಂದಿಸಿಕೊಳ್ಳುತ್ತವೆ. ಹಳೆಯ ಕಾಲದ ಯಂತ್ರವಾದರೆ ಮಾರಿದವರನ್ನು ಕೇಳಿಕೊಳ್ಳುವುದು ಒಳಿತು. 2021ರ ಜೂನಿನಲ್ಲಿ ಫಿಲಿಪ್ಸ್ ಕಂಪೆನಿ, ಶಬ್ದ ತಗ್ಗಿಸಲು ಒಳಗೆ ಬಳಸಿದ ಫೋಮು ಪುಡಿಯಾಗಬಹುದೆಂಬ ಕಾರಣಕ್ಕೆ ತನ್ನ ಹಳೆಯ ಮಾದರಿಯ ಲಕ್ಷಾಂತರ ಯಂತ್ರಗಳನ್ನು ಹಿಂದಕ್ಕೆ ಕರೆಯಿತು. ಅಂಥ ಮಾದರಿ ಈಗಲೂ ಯಾರ ಮನೆಯಲ್ಲಾದರೂ ಇದ್ದರೆ ಯಾತ್ರೆಗೆ ಮೊದಲು ವೈದ್ಯರ ಸಲಹೆ ಪಡೆಯಬೇಕು.

ಇನ್ನು ಕುಡಿತದ ವಿಷಯ. ಹಡಗಿನಲ್ಲಿ ಅದಕ್ಕೆ ಕೊರತೆಯಿಲ್ಲ. ದಿನಕ್ಕಿಷ್ಟೆಂದು ಮೊದಲೇ ಹಣ ಕಟ್ಟಿಸಿಕೊಳ್ಳುವ ಪದ್ಧತಿಯೂ ಉಂಟು. ಮದ್ಯ ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಗೊಳಿಸುವುದರಿಂದ ಉಸಿರುಕಟ್ಟು ಹೆಚ್ಚುತ್ತದೆ. ನಿದ್ದೆ ಮಾತ್ರೆಯೂ ಹಾಗೆಯೇ. ಕಡಲ ವಾಕರಿಕೆಗೆ ನಾವು ಬಸ್ಸಿನ ಪ್ರಯಾಣಕ್ಕೆ ನುಂಗುವಂಥ ಮಾತ್ರೆಗಳಲ್ಲಿ ಹಲವು ಜೋಂಪು ಹಿಡಿಸುವವು. ಯಾವುದು ಆಗಬಹುದು, ಯಾವುದು ಆಗಬಾರದು ಎಂಬುದನ್ನು ಊರಿನಲ್ಲೇ ವೈದ್ಯರಿಂದ ಬರೆಸಿಕೊಂಡು ಹೋಗಬೇಕು. ವಾಂತಿ ಬರುವಂತಿದ್ದರೆ ಮಾಸ್ಕು ಕಟ್ಟಿಕೊಂಡು ಮಲಗಲೇಬಾರದು, ಅದು ಅಪಾಯ.

ಕರೆಂಟು ಹೋದರೆ

ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದೆ ಇರುವ ನಮಗೆ ಈ ಪ್ರಶ್ನೆ ಮೊದಲು ಹೊಳೆಯುವುದು ಸಹಜ. ಹಡಗಿನಲ್ಲಿ ಹಾಗಾಗುವುದು ಬಲು ಅಪರೂಪ, ಆಗಲಾರದೆಂದಲ್ಲ. 2013ರ ಫೆಬ್ರವರಿ 10ರಂದು ಮೆಕ್ಸಿಕೋ ಕೊಲ್ಲಿಯಲ್ಲಿ 'ಕಾರ್ನಿವಲ್ ಟ್ರಯಂಫ್' ಎಂಬ ಹಡಗಿನ ಎಂಜಿನ್ ಕೋಣೆಯಲ್ಲಿ ಬೆಂಕಿ ಹತ್ತಿ, ನಾಲ್ಕು ಸಾವಿರಕ್ಕೂ ಹೆಚ್ಚು ಜನರಿದ್ದ ಹಡಗು ನಡುನೀರಿನಲ್ಲಿ ನಿಂತುಹೋಯಿತು. ಎಳೆದೋಣಿಗಳು ಅದನ್ನು ಎಳೆದು ಮೊಬೀಲ್ ಬಂದರಿಗೆ ಮುಟ್ಟಿಸಿದ್ದು 14ರ ರಾತ್ರಿ. ತುರ್ತು ಜನರೇಟರು ಪ್ರತಿ ಹಡಗಿನಲ್ಲೂ ಇರಲೇಬೇಕು; ಆದರೆ ಅದು ತುರ್ತು ದೀಪ, ಸಂಪರ್ಕ ಸಾಧನಗಳಂಥ ಅವಶ್ಯಕತೆಗಳಿಗೆ ಮೀಸಲು. ಕೋಣೆಯ ಸಾಕೆಟ್ಟಿಗೆ ಸಾಮಾನ್ಯವಾಗಿ ಅದರ ಪಾಲು ಸಿಗದು.

ಇದಕ್ಕಾಗಿಯೇ ಒಂದು ಬ್ಯಾಟರಿ ಜೊತೆಗಿದ್ದರೆ ಧೈರ್ಯ. ತೇವದ ತೊಟ್ಟಿ ಆರಿಸಿದರೆ ಯಂತ್ರದ ವಿದ್ಯುತ್ ಬಳಕೆ ಬಹಳ ತಗ್ಗುತ್ತದೆ. ಬಿಸಿ ಮಾಡುವುದಕ್ಕೇ ಹೆಚ್ಚು ಖರ್ಚು. ನಿಮ್ಮ ಒತ್ತಡದ ಅಂಕಿಗೆ ಎಷ್ಟು ಗಂಟೆ ಬರುತ್ತದೆಂಬುದನ್ನು ಮನೆಯಲ್ಲೇ ಒಂದು ರಾತ್ರಿ ಓಡಿಸಿ ನೋಡಬೇಕು. ಯಂತ್ರ ನಿಂತಾಗ ಮಾಸ್ಕನ್ನು ತೆಗೆದುಬಿಡ. ಯಂತ್ರವಿಲ್ಲದ ರಾತ್ರಿ ಅನಿವಾರ್ಯವಾದರೆ ಬೆನ್ನಿನ ಮೇಲೆ ಮಲಗದೆ ಪಕ್ಕಕ್ಕೆ ಹೊರಳಿ, ತಲೆ ಎತ್ತರಿಸಿ ಮಲಗುವುದು; ಅಂಗಿಯ ಬೆನ್ನಿಗೆ ಚೆಂಡೊಂದನ್ನು ಹೊಲಿದುಕೊಂಡರೆ ನಿದ್ದೆಯಲ್ಲಿ ಮಗುಚಿ ಮಲಗುವುದು ತಪ್ಪುತ್ತದೆ. ಇದು ಪೂರ್ತಿ ಪರಿಹಾರವಲ್ಲ, ಒಂದು ರಾತ್ರಿ ದಾಟಿಸುವ ಉಪಾಯ.

ಗಂಟು ಕಟ್ಟುವ ಮುನ್ನ

ಯಂತ್ರ, ಅದರ ಅಡಾಪ್ಟರು, ಕೊಳವೆ, ಮಾಸ್ಕು ಒಂದು, ಬದಲಿಗೆ ಇನ್ನೊಂದು, ಎರಡು ಗಾಳಿಸೋಸುಕ, ಎರಡು ಬಗೆಯ ಪ್ಲಗ್ಗು, ಕೊಳವೆ ಬಿರುಕು ಬಿಟ್ಟರೆ ಸುತ್ತಲು ಇನ್ಸುಲೇಶನ್ ಟೇಪು, ವೈದ್ಯರ ಪತ್ರ, ಖರೀದಿ ರಸೀತಿ, ಹಡಗಿನ ಕಂಪೆನಿಯ ಉತ್ತರ, ವಿಮೆಯ ಕಾಗದ. ಇವಿಷ್ಟನ್ನು ಒಂದೇ ಚೀಲದಲ್ಲಿ ಜೋಡಿಸಿ, ಹೊರಡುವ ವಾರದಲ್ಲಿ ಒಂದು ರಾತ್ರಿ ಆ ಚೀಲದಲ್ಲಿರುವ ಸಾಮಾನಿನಿಂದ ಮಾತ್ರ ಮನೆಯಲ್ಲೇ ಮಲಗಿ ನೋಡಿ. ಕೊರತೆ ಏನಿದ್ದರೂ ಆಗಲೇ ಗೊತ್ತಾಗುತ್ತದೆ.

ಅಲಾಸ್ಕಾದಲ್ಲಿ ನೀರ್ಗಲ್ಲಿನ ಗೋಡೆಗಳನ್ನು ನೋಡಿದೆವು, ತಿಮಿಂಗಿಲದ ಬೆನ್ನು ನೋಡಿದೆವು. ನಮ್ಮ ಮನೆಯವರಿಗೆ ಬಂಧುಗಳು ಹಡಗಿನಲ್ಲಿ ಏನು ಚೆನ್ನಾಗಿತ್ತೆಂದು ಕೇಳಿದರೆ ಮಾತ್ರ, "ಏಳು ರಾತ್ರಿ ನಿದ್ದೆ ಚೆನ್ನಾಗಿ ಬಂತು" ಎನ್ನುತ್ತಾರೆ. ಕೇಳಿದವರು ನಗುತ್ತಾರೆ. ಕಾವಲು ಕುಳಿತ ರಾತ್ರಿಗಳ ಲೆಕ್ಕ ಗೊತ್ತಿರುವ ನಾನು ನಗುವುದಿಲ್ಲ.

ಗೊರಕೆ ನಿಂತಾಗ ಪಕ್ಕದಲ್ಲಿ ಯಾರಾದರೂ ಎಣಿಸುತ್ತಿರುವ ಮನೆಗಳು ನಮ್ಮ ಸದಸ್ಯರಲ್ಲಿ ಇನ್ನೂ ಎಷ್ಟೋ ಇರಬಹುದು. ಅಂಥವರು ಹಡಗಿನ ಮಾತು ಹಾಗಿರಲಿ, ಮೊದಲು ವೈದ್ಯರಲ್ಲಿಗೆ ಹೋಗಿ ನಿದ್ದೆಯ ಪರೀಕ್ಷೆ ಮಾಡಿಸಬೇಕು. ಯಂತ್ರದೊಡನೆ ದೂರ ಪ್ರಯಾಣ ಮಾಡಿದ ಅನುಭವವಿರುವ ಸದಸ್ಯರು ತಮ್ಮ ಉಪಾಯಗಳನ್ನು ಈ ಪತ್ರಿಕೆಗೆ ಬರೆದರೆ ಉಳಿದವರಿಗೆ ಉಪಕಾರವಾದೀತು.